ಎಂ.ಲಿಬ್. ಮೂರನೆಯ ಸೆಮಿಸ್ಟರ್: ಯಾವ ಐಚ್ಛಿಕ ಪತ್ರಿಕೆಗಳನ್ನು ಆರಿಸಿಕೊಳ್ಳಲಿ?

ಹಾವೇರಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಮೊದಲ ವರ್ಷ ಮುಗಿಸಿದ್ದೇನೆ. ಮೂರನೆಯ ಸೆಮಿಸ್ಟರಿಗೆ ನಾಲ್ಕು ಐಚ್ಛಿಕ ಪತ್ರಿಕೆಗಳಿವೆ: ಡಿಜಿಟಲ್ ಗ್ರಂಥಾಲಯ, ಬಿಬ್ಲಿಯೊಮೆಟ್ರಿಕ್ಸ್ (ಪ್ರಕಟವಾದ ಬರಹ, ಉಲ್ಲೇಖಗಳನ್ನು ಎಣಿಸಿ ಅಳೆಯುವ ಶಾಸ್ತ್ರ), ಸಾರ್ವಜನಿಕ ಗ್ರಂಥಾಲಯ ಮತ್ತು ಸಮುದಾಯ ಮಾಹಿತಿ, ಪತ್ರಾಗಾರ ಮತ್ತು ಹಸ್ತಪ್ರತಿ ನಿರ್ವಹಣೆ. ಇವುಗಳಲ್ಲಿ ಎರಡನ್ನು ಆರಿಸಿ ಮುಂದಿನ ವಾರದೊಳಗೆ ವಿಭಾಗಕ್ಕೆ ತಿಳಿಸಬೇಕು.

ನಾನು ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದಿದವಳು. ಪದವಿಯವರೆಗೂ ಕನ್ನಡ ಮಾಧ್ಯಮ. ಈ ಕೋರ್ಸಿಗೆ ಬಂದಾಗ ಕಂಪ್ಯೂಟರ್ ಎಂದರೆ ಟೈಪಿಂಗ್ ಮಾತ್ರ ಗೊತ್ತಿತ್ತು. ಮೊದಲ ವರ್ಷದಲ್ಲಿ ನನಗೆ ಬಹಳ ಹಿಡಿಸಿದ್ದು ವರ್ಗೀಕರಣದ ಪ್ರಾಯೋಗಿಕ ತರಗತಿ. ವಿಭಾಗದಲ್ಲಿ ಪುಸ್ತಕಕ್ಕೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣದ ಸಂಪುಟಗಳು ಕಡಿಮೆ ಇರುವುದರಿಂದ ಗುಂಪು ಗುಂಪಾಗಿ ಕುಳಿತು ಸಂಖ್ಯೆ ಕಟ್ಟುತ್ತೇವೆ. ಹಾಗೆ ಕುಳಿತಾಗ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಆದರೆ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಗಳು, ‘ಅದೆಲ್ಲ ಹಳೆಯದು, ಡಿಜಿಟಲ್ ಮತ್ತು ಬಿಬ್ಲಿಯೊಮೆಟ್ರಿಕ್ಸ್ ತೆಗೆದುಕೊಂಡರೆ ಮಾತ್ರ ಕೆಲಸ’ ಎನ್ನುತ್ತಾರೆ. ಮನೆಯಲ್ಲಿ ತಮ್ಮ ಇನ್ನೂ ಪಿಯುಸಿ ಓದುತ್ತಿದ್ದಾನೆ. ಓದು ಮುಗಿದ ಕೂಡಲೇ ನಾನು ದುಡಿಯಲೇಬೇಕು. ಈ ಕ್ಷೇತ್ರದಲ್ಲಿರುವವರು ದಯವಿಟ್ಟು ದಾರಿ ತೋರಿಸಿ.

ಕಾಲೇಜು ಗ್ರಂಥಪಾಲಕ, ಶಿವಮೊಗ್ಗ

ತಂಗಿ, ಪದವಿ ಕಾಲೇಜಿನಲ್ಲಿ ದಿನನಿತ್ಯ ನಡೆಯುವ ಕೆಲಸವನ್ನು ಮೊದಲು ಹೇಳುತ್ತೇನೆ. ಪತ್ರಿಕೆಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಹೊಸ ಪುಸ್ತಕ ಬರುತ್ತದೆ. ಬಿಲ್ಲು ತಾಳೆ ನೋಡಿ ಅಕ್ಸೆಷನ್ ರಿಜಿಸ್ಟರಿನಲ್ಲಿ ಬರೆಯಬೇಕು, ವರ್ಗಸಂಖ್ಯೆ ಕೊಡಬೇಕು, ತಂತ್ರಾಂಶಕ್ಕೆ ಏರಿಸಬೇಕು, ಬಾರ್‌ಕೋಡ್ ಅಂಟಿಸಿ ಕಪಾಟಿಗೆ ಕಳುಹಿಸಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ವರ್ಷ ಗ್ರಂಥಾಲಯ ಯಾಂತ್ರೀಕರಣವಾಗಿದೆಯೇ, ಇ-ಸಂಪನ್ಮೂಲ ಎಷ್ಟು ಬಳಕೆಯಾಗಿದೆ ಎಂಬುದಕ್ಕೆ ದಾಖಲೆ ಒದಗಿಸಬೇಕು. ಎನ್‌-ಲಿಸ್ಟ್ ಎಂಬ ಇ-ಸಂಪನ್ಮೂಲ ಯೋಜನೆಯ ಮೂಲಕ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಖಾತೆ ತೆರೆದುಕೊಡಬೇಕು. ಇಷ್ಟರ ನಡುವೆ ಪರೀಕ್ಷೆಯ ಹಿಂದಿನ ದಿನ ಓಡಿಬಂದು, ‘ಸರ್, ಈ ವಿಷಯಕ್ಕೆ ಕನ್ನಡದಲ್ಲಿ ಯಾವ ಪುಸ್ತಕ ಇದೆ?’ ಎಂದು ಕೇಳುವ ವಿದ್ಯಾರ್ಥಿಗೆ ಆಗಿಂದಾಗಲೇ ಉತ್ತರ ಕೊಡಬೇಕು.

ಕೊನೆಯದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಕೊನೆಯದು ಬರುವುದು ವರ್ಗೀಕರಣ, ಸೂಚೀಕರಣ (ಪುಸ್ತಕಗಳ ವಿವರವನ್ನು ಪಟ್ಟಿ ಮಾಡುವುದು), ಮಾಹಿತಿ ಮೂಲಗಳು ಈ ಮೂರೂ ಕೈಗೆ ಒಗ್ಗಿದಾಗ ಮಾತ್ರ. ಡ್ಯೂಯಿಯ ಎರಡನೆಯ ಕೋಷ್ಟಕದಲ್ಲಿ, ಅಂದರೆ ಸ್ಥಳಗಳ ಪಟ್ಟಿಯಲ್ಲಿ, ಕರ್ನಾಟಕಕ್ಕೆ 5487 ಎಂಬ ಸಂಖ್ಯೆ ಇದೆ. ಅದು ಗೊತ್ತಿದ್ದವನಿಗೆ ಕರ್ನಾಟಕದ ಇತಿಹಾಸ 954.87ರಲ್ಲಿಯೂ ಕರ್ನಾಟಕದ ಶಿಕ್ಷಣ 370.95487ರಲ್ಲಿಯೂ ಏಕೆ ಕುಳಿತಿವೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡ ಸಾಹಿತ್ಯ 894.814, ಅದರಲ್ಲಿ ಕಾದಂಬರಿ 894.8143. ಕಪಾಟಿನ ಮುಂದೆ ನಿಂತವನಿಗೆ ಈ ಅಂಕಿಗಳು ಓದುಗನ ಕಡೆಗೆ ಹೋಗುವ ದಾರಿ. ಆ ತರಗತಿ ನಿಮಗೆ ಹಿಡಿಸಿದೆ ಎಂದು ಬರೆದಿದ್ದೀರಿ. ಅದನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ.

ಐಚ್ಛಿಕದಲ್ಲಿ ಡಿಜಿಟಲ್ ಗ್ರಂಥಾಲಯ ಇರಲಿ. ಎರಡನೆಯದನ್ನು ಬೇರೆಯವರು ಹೇಳಲಿ.

ಮಾಹಿತಿ ಸಂಸ್ಥೆಯ ಉದ್ಯೋಗಿ, ಬೆಂಗಳೂರು

ನಾನೂ ಎಂ.ಲಿಬ್. ಮುಗಿಸಿದವನೇ. ಈಗ ಒಂದು ಖಾಸಗಿ ಸಂಸ್ಥೆಯಲ್ಲಿ ಮೆಟಾಡೇಟಾ ಮತ್ತು ಟ್ಯಾಕ್ಸಾನಮಿ ಕೆಲಸ, ಅಂದರೆ ಮಾಹಿತಿಗೆ ವಿವರ ಕೊಟ್ಟು ವಿಂಗಡಿಸುವ ಕೆಲಸ, ಮಾಡುತ್ತೇನೆ. ಸರ್ಕಾರಿ ಕಾಲೇಜಿನ ಗ್ರಂಥಪಾಲಕ ಹುದ್ದೆಗೆ ಅಧಿಸೂಚನೆ ಬರುವುದೇ ಅಪರೂಪ, ಬಂದರೆ ಸ್ಪರ್ಧೆ ಅಪಾರ. ಮನೆಯ ಜವಾಬ್ದಾರಿ ಇರುವ ಹುಡುಗಿಗೆ ಅದೊಂದನ್ನೇ ನಂಬಿ ಕೂರಲು ಹೇಳುವುದು ಸರಿಯಲ್ಲ.

ಡಿಜಿಟಲ್ ಗ್ರಂಥಾಲಯ ತೆಗೆದುಕೊಳ್ಳಿ. ಜೊತೆಗೆ ಬಿಬ್ಲಿಯೊಮೆಟ್ರಿಕ್ಸ್. ಪುಸ್ತಕದ ವಿವರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಮಾದರಿಗಳಾದ ಡಬ್ಲಿನ್ ಕೋರ್, ಮಾರ್ಕ್ 21, ಎಕ್ಸ್‌ಎಂಎಲ್ ಅರ್ಥವಾಗಬೇಕು. ಗ್ರಂಥಾಲಯ ತಂತ್ರಾಂಶ ಕೋಹಾ, ಡಿಜಿಟಲ್ ಸಂಗ್ರಹದ ತಂತ್ರಾಂಶ ಡಿಸ್ಪೇಸ್ ಎರಡನ್ನೂ ಸ್ವಂತ ಕಂಪ್ಯೂಟರಿನಲ್ಲಿ ಸ್ಥಾಪಿಸಿ ನೋಡಿ. ಸಾಧ್ಯವಾದರೆ ಪೈಥಾನ್ ಕಲಿಯಿರಿ. ಪುಸ್ತಕದ ಪಟ್ಟಿಯನ್ನು ಸ್ವಚ್ಛಗೊಳಿಸುವಷ್ಟು ಬಂದರೂ ಸಾಕು. ಹಸ್ತಪ್ರತಿಯ ಪತ್ರಿಕೆ ಆಸಕ್ತಿ ಹುಟ್ಟಿಸುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಹುದ್ದೆಗಳು ಬೆರಳೆಣಿಕೆಯಷ್ಟು. ಸಾರ್ವಜನಿಕ ಗ್ರಂಥಾಲಯದ ಪತ್ರಿಕೆಯಲ್ಲಿ ಕಾಯ್ದೆ, ಸಮಿತಿ, ವರದಿಗಳೇ ಹೆಚ್ಚು. ಅದನ್ನು ಮನೆಯಲ್ಲಿ ಓದಿಕೊಳ್ಳಬಹುದು.

ಅರಿವು ಕೇಂದ್ರದ ಮೇಲ್ವಿಚಾರಕಿ, ಕೊಪ್ಪಳ ಜಿಲ್ಲೆ

ಸರ್, ನಿಮ್ಮ ಕೊನೆಯ ಮಾತನ್ನು ಒಪ್ಪಲಾರೆ.

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ, ಅಂದರೆ ಈಗಿನ ಅರಿವು ಕೇಂದ್ರದ, ಮೇಲ್ವಿಚಾರಕಿ. 2019ರಲ್ಲಿ ನಮ್ಮ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು ಇವೆ. ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳು ಸದಸ್ಯರಾಗಿ ಬರತೊಡಗಿದರು. ಈಗ ನಮ್ಮಲ್ಲಿ ಕಂಪ್ಯೂಟರ್ ಇದೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿವೆ. ಪೊಲೀಸ್ ನೇಮಕಾತಿಗೆ ಓದುವ ಹುಡುಗರು ಬೆಳಗ್ಗೆಯೇ ಬಾಗಿಲ ಬಳಿ ಕಾಯುತ್ತಿರುತ್ತಾರೆ. ಪಿಂಚಣಿ ಅರ್ಜಿಯ ಸ್ಥಿತಿ ನೋಡಿಕೊಡು ಎಂದು ಅಜ್ಜಿಯರು ಬರುತ್ತಾರೆ. ನೀವು ‘ಸಮುದಾಯ ಮಾಹಿತಿ’ ಎಂದು ಪಠ್ಯದಲ್ಲಿ ಓದುವುದು ಇದನ್ನೇ.

ಕಾಯ್ದೆಯನ್ನು ಮನೆಯಲ್ಲಿ ಓದಿಕೊಳ್ಳಬಹುದು ಎಂದಿರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಆ ಕರ ಯಾರ ಕೈಗೆ ಬರುತ್ತದೆ, ಹೇಗೆ ಗ್ರಂಥಾಲಯಕ್ಕೆ ತಲುಪಬೇಕು ಎಂಬುದನ್ನು ಅರಿತ ಗ್ರಂಥಪಾಲಕಿ ಮಾತ್ರ ತನ್ನ ಓದುಗರ ಪರವಾಗಿ ಸಭೆಯಲ್ಲಿ ಎದ್ದು ಮಾತನಾಡಬಲ್ಲಳು. ನಾನು ಮಾತನಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಗೌರವಧನದ ಮೇಲೆ ಬದುಕುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಈ ತಂಗಿ ನನ್ನ ಹುದ್ದೆಗೇ ಬರಲಿ ಎಂದೂ ಹೇಳುವುದಿಲ್ಲ. ಆದರೆ ಹೊಸ ಓದುಗರು ಹೆಚ್ಚಾಗಿ ಹುಟ್ಟುತ್ತಿರುವ ಜಾಗದ ಬಗ್ಗೆ ಒಂದು ಪತ್ರಿಕೆಯನ್ನೂ ಓದದೆ ಪದವಿ ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಮೇಡಂ ಹೇಳಿದ್ದರಲ್ಲಿ ಸತ್ಯವಿದೆ. ನಾನು ಪರೀಕ್ಷೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಪಾಲಕ ಹುದ್ದೆಗೆ ಯುಜಿಸಿ ನಿಯಮದಂತೆ ಶೇ 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ಕೆಸೆಟ್ ಎಂಬ ರಾಜ್ಯದ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೀಸಲು ವರ್ಗಗಳಿಗೆ ಶೇ 5ರಷ್ಟು ಸಡಿಲಿಕೆ ಇದೆ. ಏಳನೆಯ ವೇತನ ಆಯೋಗದ ಲೆಕ್ಕದಲ್ಲಿ ಹತ್ತನೆಯ ಶೈಕ್ಷಣಿಕ ಹಂತದ ಆರಂಭಿಕ ಮೂಲ ವೇತನ 57,700 ರೂಪಾಯಿ. ಹೀಗಾಗಿ ಎರಡನೆಯ ವರ್ಷದಲ್ಲಿಯೇ ನೆಟ್ ಬರೆಯುವುದು ಒಳ್ಳೆಯದು. ಅಂತಿಮ ವರ್ಷದವರಿಗೂ ಅವಕಾಶವಿದೆ.

ಗ್ರಂಥಾಲಯ ವಿಜ್ಞಾನ ನೆಟ್‌ನಲ್ಲಿ 59ನೆಯ ವಿಷಯ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100, ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬ್ರಾಡ್‌ಫರ್ಡ್, ಲೋಟ್ಕಾ, ಝಿಪ್ಫ್ ಇವರ ಬಿಬ್ಲಿಯೊಮೆಟ್ರಿಕ್ಸ್ ನಿಯಮಗಳು ಅದರಲ್ಲಿ ಬರುತ್ತವೆ. ಆದರೆ ಅಷ್ಟಕ್ಕೆ ಬಿಬ್ಲಿಯೊಮೆಟ್ರಿಕ್ಸ್ ಅನ್ನು ಐಚ್ಛಿಕವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಪಿಎಚ್.ಡಿ. ಮಾಡುವ ಮನಸ್ಸಿದ್ದರೆ, ಅಥವಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ನೆರವಿನ ಕೆಲಸ ಬೇಕಿದ್ದರೆ ತೆಗೆದುಕೊಳ್ಳಿ. ರ‍್ಯಾಂಕಿಂಗ್‌ಗೆ ಉಲ್ಲೇಖಗಳ ಲೆಕ್ಕ ಒಪ್ಪಿಸುವ ಕೆಲಸ ಈಗ ಗ್ರಂಥಪಾಲಕರ ಮೇಜಿಗೇ ಬರುತ್ತದೆ. ನನ್ನ ಸಂಶೋಧನೆಯೂ ಅದೇ ಕ್ಷೇತ್ರದ್ದು. ಅದನ್ನು ಪ್ರೀತಿಸಿಯೇ ಮಾಡುತ್ತಿದ್ದೇನೆ. ಆದರೂ ಹೇಳುತ್ತೇನೆ: ಅಲ್ಲಿಯ ದತ್ತಾಂಶ ಬಹುಪಾಲು ಇಂಗ್ಲಿಷ್ ನಿಯತಕಾಲಿಕೆಗಳದು. ಕನ್ನಡದಲ್ಲಿ ನಡೆದ ಸಂಶೋಧನೆ ಆ ಲೆಕ್ಕದೊಳಗೆ ಕಾಣಿಸಿಕೊಳ್ಳುವುದೇ ಕಡಿಮೆ.

ಹಾವೇರಿಯ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಒಂದು ಸಂಕೋಚದ ಪ್ರಶ್ನೆ. ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ನೆಟ್ ಪ್ರಶ್ನೆಪತ್ರಿಕೆಯೂ ಇಂಗ್ಲಿಷ್ ಅಥವಾ ಹಿಂದಿ. ತರಗತಿಯಲ್ಲಿ ಮೇಷ್ಟ್ರು ಕನ್ನಡದಲ್ಲಿ ವಿವರಿಸಿದಾಗ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರೆಯಲು ಕುಳಿತಾಗ ಕೈ ನಿಲ್ಲುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಹೇಗೆ ದಾಟಿದಿರಿ? ಈ ಕ್ಷೇತ್ರದಲ್ಲಿ ನನ್ನ ಕನ್ನಡ ಯಾವುದಕ್ಕಾದರೂ ಉಪಯೋಗಕ್ಕೆ ಬರುತ್ತದೆಯೇ?

ನಿವೃತ್ತ ಗ್ರಂಥಪಾಲಕಿ, ಮೈಸೂರು

ಮಗಳೇ, ನಿನ್ನ ಕೊನೆಯ ಪ್ರಶ್ನೆ ನೋಡಿ ಬರೆಯುತ್ತಿದ್ದೇನೆ. ಕನ್ನಡ ಚೆನ್ನಾಗಿ ಬಲ್ಲ ಸೂಚೀಕಾರರಿಲ್ಲದೆ ನಮ್ಮ ಗ್ರಂಥಾಲಯಗಳು ಸೊರಗಿವೆ. ಅದನ್ನು ವಿವರವಾಗಿಯೇ ಹೇಳುತ್ತೇನೆ.

ಸೂಚೀಕರಣದ ತರಗತಿಯಲ್ಲಿ ಎಎಸಿಆರ್-2 ಎಂಬ ನಿಯಮಾವಳಿ ಕಲಿಸಿರುತ್ತಾರೆ, ಅದರ ನಂತರ ಬಂದ ಆರ್‌ಡಿಎ ಪರಿಚಯ ಮಾಡಿಕೊಟ್ಟಿರುತ್ತಾರೆ. ಉದಾಹರಣೆಗಳೆಲ್ಲ ಕುಲನಾಮ ಕೊನೆಗೆ ಬರುವ ಪಾಶ್ಚಾತ್ಯ ಹೆಸರುಗಳವು. ಈಗ ನಮ್ಮ ಹೆಸರುಗಳನ್ನು ನೋಡು. ಧಾರವಾಡದ ಕಡೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಇಲ್ಲಿ ನಮೂದು ‘ಬೇಂದ್ರೆ’ಯ ಕೆಳಗೆ. ಹಳೆಯ ಮೈಸೂರಿನ ಕಡೆ ಬಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಕೊನೆಗೆ ತನ್ನ ಹೆಸರು. ಇಲ್ಲಿ ‘ಪುಟ್ಟಪ್ಪ’ ಕುಲನಾಮವೇ ಅಲ್ಲ. ಆದರೂ ಬರೆಯುವ ಕ್ರಮ ಎರಡಕ್ಕೂ ಒಂದೇ ಆಗಿ ಕಾಣುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಪುಸ್ತಕ ಕೇಳಲು ಬಂದವರು ‘ಮಾಸ್ತಿ’ ಎನ್ನುತ್ತಾರೆ, ಅದು ಊರಿನ ಹೆಸರು. ಅವರ ಕಾವ್ಯನಾಮ ‘ಶ್ರೀನಿವಾಸ’. ಇವರಲ್ಲಿ ಯಾರನ್ನು ಯಾವ ಶೀರ್ಷಿಕೆಯಡಿ ಇಡಬೇಕು, ಯಾವುದರಿಂದ ಯಾವುದಕ್ಕೆ ‘ನೋಡಿ’ ಎಂದು ಕೊಡಬೇಕು ಎಂಬುದನ್ನು ಕನ್ನಡನಾಡಿನ ಹೆಸರಿಡುವ ಪದ್ಧತಿ ಬಲ್ಲವರೇ ತೀರ್ಮಾನಿಸಬೇಕು.

ತೀರ್ಮಾನಿಸದೆ ಹೋದರೆ ಏನಾಗುತ್ತದೆ? ಒಂದೇ ಗ್ರಂಥಾಲಯದ ಸೂಚಿಯಲ್ಲಿ ‘ಕುವೆಂಪು’, ‘ಕೆ.ವಿ. ಪುಟ್ಟಪ್ಪ’, ‘ಪುಟ್ಟಪ್ಪ, ಕೆ.ವಿ.’ ಎಂದು ಒಬ್ಬರೇ ಮೂವರಾಗಿ ಹರಡಿಕೊಳ್ಳುತ್ತಾರೆ. ಓದುಗ ಒಂದು ಹೆಸರಿನಲ್ಲಿ ಹುಡುಕಿ ಸಿಕ್ಕಷ್ಟನ್ನೇ ಪೂರ್ತಿ ಎಂದು ನಂಬಿ ಹೋಗುತ್ತಾನೆ. ಉಳಿದ ಪುಸ್ತಕಗಳು ಕಪಾಟಿನಲ್ಲಿಯೇ ಇರುತ್ತವೆ, ಯಾರೂ ಕೇಳುವುದಿಲ್ಲ. ಪ್ರತಿ ಓದುಗನಿಗೂ ಅವನ ಗ್ರಂಥ, ಪ್ರತಿ ಗ್ರಂಥಕ್ಕೂ ಅದರ ಓದುಗ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಎರಡು ಸೂತ್ರಗಳೂ ಅಲ್ಲಿ ಒಟ್ಟಿಗೆ ಮುರಿದುಬೀಳುತ್ತವೆ. ನನ್ನ ವೃತ್ತಿಜೀವನದ ಹೆಚ್ಚಿನ ಭಾಗ ಇಂಥ ಹೆಸರುಗಳನ್ನು ಕೂಡಿಸುವುದರಲ್ಲಿಯೇ ಕಳೆಯಿತು. ಅದಕ್ಕಿಂತ ತೃಪ್ತಿ ಕೊಟ್ಟ ಕೆಲಸ ಬೇರೊಂದಿಲ್ಲ.

ಹಸ್ತಪ್ರತಿಯ ಪತ್ರಿಕೆಯನ್ನು ಬೆಂಗಳೂರಿನವರು ತಳ್ಳಿಹಾಕಿದರು. ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಆರಂಭವಾದದ್ದು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಕಟ್ಟು ಬಿಚ್ಚಿ ಓದಿ, ಇದು ಇಂಥದು ಎಂದು ಗುರುತಿಸಬಲ್ಲ ಗ್ರಂಥಪಾಲಕರೊಬ್ಬರು ಅಲ್ಲಿದ್ದರು, ಅದರಿಂದ ಅದು ಸಾಧ್ಯವಾಯಿತು. ಹುದ್ದೆಗಳು ಕಡಿಮೆ ಎಂಬುದು ನಿಜ. ಆದರೆ ಮಠಗಳಲ್ಲಿ, ಬಸದಿಗಳಲ್ಲಿ, ಮನೆಯ ಅಟ್ಟಗಳಲ್ಲಿ ಓಲೆಗರಿ ಇನ್ನೂ ಇದೆ. ಗರಿಯನ್ನು ಒರೆಸಿ ನಿಂಬೆಹುಲ್ಲಿನ ಎಣ್ಣೆ ಸವರುವುದರಿಂದ ಹಿಡಿದು ಹಳೆಯ ಲಿಪಿ ಓದುವವರೆಗೆ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆಸಕ್ತಿ ಇದ್ದರೆ ಆ ಪತ್ರಿಕೆ ಬಿಡಬೇಡ. ಇಲ್ಲದಿದ್ದರೆ ಕೇವಲ ಭಾವುಕತೆಗಾಗಿ ತೆಗೆದುಕೊಳ್ಳಬೇಡ.

ಇಂಗ್ಲಿಷಿನ ಮಾತು. ನಾನೂ ಕನ್ನಡ ಮಾಧ್ಯಮದವಳು. ಪ್ರತಿ ಘಟಕದ ಪಾರಿಭಾಷಿಕ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ನಿನ್ನ ಮಾತಿನಲ್ಲಿ ಕನ್ನಡದ ವಿವರಣೆ ಬರೆ. ಆಮೇಲೆ ಅದೇ ವಿವರಣೆಯನ್ನು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆ. ಉದ್ದ ವಾಕ್ಯಕ್ಕೆ ಹೋಗಬೇಡ. ವಿಷಯ ಖಚಿತವಾಗಿದ್ದರೆ ಚಿಕ್ಕ ವಾಕ್ಯಕ್ಕೂ ಅಂಕ ಬರುತ್ತದೆ.

ಮಾಹಿತಿ ಸಂಸ್ಥೆಯ ಉದ್ಯೋಗಿ, ಬೆಂಗಳೂರು

ಮೇಡಂ, ನಿಮ್ಮ ಮಾತು ಓದಿ ನನ್ನ ಸಲಹೆಯನ್ನು ತಿದ್ದುತ್ತಿದ್ದೇನೆ. ಹೆಸರುಗಳನ್ನು ಕೂಡಿಸುವ ಆ ಕೆಲಸಕ್ಕೆ ನಮ್ಮ ಸಂಸ್ಥೆಯಲ್ಲಿ ಬೇರೆ ಹೆಸರಿದೆ, ಕೆಲಸ ಅದೇ. ಆ ಕೌಶಲ ಇದ್ದವರು ಸಿಗದೆ ನಾವೂ ಪರದಾಡುತ್ತೇವೆ.

ಇದರ ತಾಂತ್ರಿಕ ಮಗ್ಗುಲನ್ನು ಸೇರಿಸುತ್ತೇನೆ, ಡಿಜಿಟಲ್ ಪತ್ರಿಕೆಯಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಕಲಿಸುವುದಿಲ್ಲ. ಅನೇಕ ಗ್ರಂಥಾಲಯಗಳ ಹಳೆಯ ಕನ್ನಡ ಪಟ್ಟಿಗಳು ಯೂನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿವೆ. ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಹಾಗೆಯೇ ಕೋಹಾಗೆ ಏರಿಸಿದರೆ ಹುಡುಕಿದಾಗ ಒಂದೂ ಸಿಗುವುದಿಲ್ಲ. ಪರಿವರ್ತಕಗಳಿವೆ, ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಲೇಬೇಕು. ಯೂನಿಕೋಡ್‌ನಲ್ಲಿಯೂ ‘ಸೂರ್ಯ’ ಮತ್ತು ‘ಸೂರ‍್ಯ’ ಎರಡು ಬೇರೆ ಅಕ್ಷರಸರಣಿಗಳು. ಒಬ್ಬರು ಅರ್ಕಾವತ್ತಿನಲ್ಲಿ, ಇನ್ನೊಬ್ಬರು ಯ-ಒತ್ತಿನಲ್ಲಿ ನಮೂದಿಸಿದ್ದರೆ ಹುಡುಕಾಟ ಎರಡನ್ನೂ ಕೂಡಿಸದೆ ಹೋಗಬಹುದು. ವಿಭಾಗದಲ್ಲಿಯೇ ಒಂದು ನಿಯಮ ಮಾಡಿಕೊಂಡು ನಮೂದಿಸಬೇಕು.

ಕೋಹಾದಲ್ಲಿ ಕನ್ನಡ ದಾಖಲೆ ಮಾಡುವಾಗ ಭಾಷಾಸಂಕೇತ ‘ಕೆ-ಎ-ಎನ್’ ಎಂದು ಸರಿಯಾಗಿ ಕೊಡಬೇಕು. ಕನ್ನಡ ಲಿಪಿಯ ರೂಪವನ್ನೂ ರೋಮನ್ ಲಿಪಿಯ ರೂಪವನ್ನೂ ಒಂದೇ ದಾಖಲೆಯಲ್ಲಿ ಜೋಡಿಸಲು ಮಾರ್ಕ್‌ನಲ್ಲಿ 880ನೆಯ ಕ್ಷೇತ್ರವಿದೆ. ಕೋಹಾದ ಹುಡುಕಾಟಕ್ಕೆ ಝೀಬ್ರಾ ಎಂಬ ತಂತ್ರಾಂಶ ಬಳಸುವುದಾದರೆ ಸೂಚ್ಯಂಕಕ್ಕೆ ಯೂನಿಕೋಡ್ ಪಠ್ಯವನ್ನು ಸರಿಯಾಗಿ ಓದುವ ಐಸಿಯು ಆಯ್ಕೆ ಮಾಡಿಕೊಳ್ಳಿ. ಇಲ್ಲವಾದರೆ ಕನ್ನಡದ ಹುಡುಕಾಟ ನೆಟ್ಟಗೆ ನಡೆಯುವುದಿಲ್ಲ. ಇಷ್ಟನ್ನು ಮಾಡಿ ತೋರಿಸಬಲ್ಲ ಹುಡುಗಿ ಸಂದರ್ಶನಕ್ಕೆ ಬಂದರೆ ನಾನು ಅವಳ ಇಂಗ್ಲಿಷ್ ಉಚ್ಚಾರಣೆಯತ್ತ ಗಮನವನ್ನೇ ಕೊಡುವುದಿಲ್ಲ.

ಆದ್ದರಿಂದ ಬಿಬ್ಲಿಯೊಮೆಟ್ರಿಕ್ಸ್ ಎಂಬ ನನ್ನ ಎರಡನೆಯ ಸಲಹೆಯನ್ನು ಹಿಂದೆಗೆದುಕೊಂಡಿದ್ದೇನೆ. ಡಿಜಿಟಲ್ ಎಂಬುದು ಹಾಗೆಯೇ ಇರಲಿ.

ಡಿಆರ್‌ಟಿಸಿ ವಿದ್ಯಾರ್ಥಿ

ಇಲ್ಲಿ ಯಾರೂ ರಂಗನಾಥನ್ ರೂಪಿಸಿದ ಕೋಲನ್ ವರ್ಗೀಕರಣದ ಹೆಸರೆತ್ತಿಲ್ಲ. ಹಾಸ್ಟೆಲಿನಲ್ಲಿ ಮೊದಲು ಬೈಸಿಕೊಳ್ಳುವುದು ಅದೇ. ಪರೀಕ್ಷೆಗೆ ಆರನೆಯ ಆವೃತ್ತಿಯ ಅಂಕಿಗಳನ್ನು ಬಾಯಿಪಾಠ ಮಾಡಿ ಮರುದಿನ ಮರೆಯುವವರೇ ಹೆಚ್ಚು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ನಮ್ಮ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು (ಡಿಆರ್‌ಟಿಸಿ) ಭಾರತೀಯ ಸಾಂಖ್ಯಿಕ ಸಂಸ್ಥೆಯಡಿ 1962ರಲ್ಲಿ ಆರಂಭಿಸಿದವರು ರಂಗನಾಥನ್ ಅವರೇ. ಇಲ್ಲಿ ಇಂದಿಗೂ ಮುಖಗಳ ವಿಶ್ಲೇಷಣೆಯಿಂದಲೇ ಪಾಠ ಆರಂಭವಾಗುತ್ತದೆ. ಒಂದು ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಬಿಡಿಸಿ ನೋಡುವ ಅಭ್ಯಾಸ ಒಮ್ಮೆ ಕೂತರೆ ಪರಿಕಲ್ಪನೆಗಳ ಸಂಬಂಧಗಳನ್ನು ಕಂಪ್ಯೂಟರಿಗೆ ತಿಳಿಸುವ ಆಂಟಾಲಜಿಯೂ ಹೊಸದೆನಿಸುವುದಿಲ್ಲ. ಅಂಗಡಿ ಜಾಲತಾಣಗಳಲ್ಲಿ ಬಣ್ಣ, ಅಳತೆ, ಬೆಲೆ ಆರಿಸುತ್ತಾ ವಸ್ತುವನ್ನು ಸೋಸಿಕೊಳ್ಳುವಾಗಲೂ ನಡೆಯುವುದು ಮುಖಗಳ ವಿಂಗಡಣೆಯೇ. ಹಾಸ್ಟೆಲಿನ ಹಿರಿಯರಿಗೆ ಇದನ್ನು ಹೇಳಿ.

ಪಕ್ಕದ ಮಾಹಿತಿ: ಇನ್ನೂ ಪದವಿಯಲ್ಲಿರುವವರು ಇದನ್ನು ಓದುತ್ತಿದ್ದರೆ, ನಮ್ಮಲ್ಲಿ ಎರಡು ವರ್ಷದ ಎಂ.ಎಸ್. ಕೋರ್ಸ್ ಇದೆ. ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆ. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಮನೆಯಲ್ಲಿ ಹಣದ ತೊಂದರೆ ಇರುವವರು ಇದನ್ನು ತಿಳಿದಿರಬೇಕು. ನನ್ನ ತರಗತಿಯಲ್ಲಿ ಗಣಿತ ಓದಿದವರೂ ಇದ್ದಾರೆ, ಸಾಹಿತ್ಯ ಓದಿದವರೂ ಇದ್ದಾರೆ.

ಹಾವೇರಿಯ ವಿದ್ಯಾರ್ಥಿನಿ

ನಿಮ್ಮೆಲ್ಲರ ಮಾತುಗಳನ್ನು ಹಾಸ್ಟೆಲಿನ ಗೆಳತಿಯರೊಂದಿಗೆ ಕುಳಿತು ಓದಿದೆ. ಡಿಜಿಟಲ್ ಗ್ರಂಥಾಲಯ ಮತ್ತು ಸಾರ್ವಜನಿಕ ಗ್ರಂಥಾಲಯ, ಇವೆರಡನ್ನು ಬರೆದುಕೊಡುತ್ತೇನೆ. ಹಸ್ತಪ್ರತಿಯ ತರಗತಿಗೆ ಅಂಕವಿಲ್ಲದಿದ್ದರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದೇ ಎಂದು ಮೇಷ್ಟ್ರನ್ನು ಕೇಳಿದೆ, ಒಪ್ಪಿದರು.

ನಾಲ್ಕನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೂ ಒಂದು ಯೋಚನೆ ಬಂದಿದೆ. ನಮ್ಮ ಹಾವೇರಿ ಜಿಲ್ಲೆಯ ಲೇಖಕರ ಹೆಸರುಗಳ ಪ್ರಮಾಣಿತ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕೆಂದಿದ್ದೇನೆ. ಗಳಗನಾಥರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಕಾವ್ಯನಾಮ ‘ವಿನಾಯಕ’. ಚಂದ್ರಶೇಖರ ಪಾಟೀಲರನ್ನು ನಾಡೆಲ್ಲ ‘ಚಂಪಾ’ ಎಂದೇ ಕರೆದದ್ದು. ಶರೀಫರ ತತ್ವಪದಗಳನ್ನು ಸಂಪಾದಕರ ಹೆಸರಿನಲ್ಲಿ ಹುಡುಕಬೇಕೋ, ಶಿಶುನಾಳ ಎಂದೋ, ಶರೀಫ ಎಂದೋ? ಈ ಪಟ್ಟಿಯನ್ನು ಜಿಲ್ಲೆಯ ಕೆಲವು ಗ್ರಂಥಾಲಯಗಳ ಸೂಚಿಗಳೊಂದಿಗೆ ಹೋಲಿಸಿ, ಎಷ್ಟು ರೂಪಗಳಲ್ಲಿ ಹರಡಿಕೊಂಡಿವೆ ಎಂದು ತೋರಿಸಬೇಕೆಂದಿದ್ದೇನೆ. ವಿಷಯ ಕಿರುಪ್ರಬಂಧಕ್ಕೆ ಸಾಕಾದೀತೇ?

ನಿವೃತ್ತ ಗ್ರಂಥಪಾಲಕಿ, ಮೈಸೂರು

ಸಾಕಾದೀತೇ ಎಂದರೆ? ಅಳತೆ ಮೀರದಂತೆ ನೋಡಿಕೊಳ್ಳಬೇಕು ಅಷ್ಟೇ. ಜಿಲ್ಲೆಯ ಎಲ್ಲ ಲೇಖಕರನ್ನೂ ಹಿಡಿಯಲು ಹೋಗಬೇಡ, ಒಂದು ಕಾಲಘಟ್ಟ ಆರಿಸಿಕೊ. ಪ್ರತಿ ಹೆಸರಿಗೂ ಆಧಾರ ಬರೆ: ಯಾವ ಪುಸ್ತಕದ ಶೀರ್ಷಿಕೆಪುಟದಲ್ಲಿ ಹೇಗೆ ಅಚ್ಚಾಗಿದೆ ಎಂದು. ಆಧಾರವಿಲ್ಲದ ಪಟ್ಟಿಯನ್ನು ಇನ್ನೊಬ್ಬ ಸೂಚೀಕಾರ ಒಪ್ಪಬೇಕಾಗಿಲ್ಲ. ತತ್ವಪದಗಳನ್ನು ರಚಿಸಿದವರು ಶರೀಫರು. ಹಾಗಾಗಿ ಮುಖ್ಯ ನಮೂದು ಅವರದೇ, ಸಂಪಾದಕರಿಗೆ ಹೆಚ್ಚುವರಿ ನಮೂದು. ಶಿಶುನಾಳ, ಶರೀಫ ಎರಡರಲ್ಲಿ ಯಾವುದನ್ನು ಮೊದಲಿಡಬೇಕು ಎಂಬುದನ್ನು ಶೀರ್ಷಿಕೆಪುಟಗಳನ್ನು ನೋಡಿದ ಮೇಲೆ ನೀನೇ ವಾದಿಸಿ ಬರೆ. ಪ್ರಬಂಧದ ಒಳ್ಳೆಯ ಅಧ್ಯಾಯ ಅದೇ ಆಗುತ್ತದೆ.

ಅರಿವು ಕೇಂದ್ರದ ಮೇಲ್ವಿಚಾರಕಿ, ಕೊಪ್ಪಳ ಜಿಲ್ಲೆ

ಪಟ್ಟಿ ಸಿದ್ಧವಾದ ಮೇಲೆ ಅದನ್ನು ವಿಭಾಗದ ಕಪಾಟಿನಲ್ಲಿ ಇಟ್ಟುಬಿಡಬೇಡಿ ತಂಗಿ. ನಿಮ್ಮ ಜಿಲ್ಲೆಯ ಅರಿವು ಕೇಂದ್ರಗಳಿಗೂ ಒಂದೊಂದು ಪ್ರತಿ ಕಳುಹಿಸಿ. ನಮ್ಮಂಥವರಿಗೆ ಇಂಥ ಪಟ್ಟಿ ಯಾರೂ ಕೊಡುವುದಿಲ್ಲ. ನಮ್ಮ ಜಿಲ್ಲೆಗೂ ಯಾರಾದರೂ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಪುಸ್ತಕದಂಗಡಿ ನೌಕರ, ರಾಯಚೂರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಪದವಿ ಮುಗಿಸಿ ಅಂಗಡಿಯಲ್ಲಿ ದುಡಿಯುತ್ತಿದ್ದೇನೆ. ಕೆಲಸ ಬಿಟ್ಟು ಎರಡು ವರ್ಷ ಓದಲು ಆಗುವುದಿಲ್ಲ. ದೂರಶಿಕ್ಷಣದಲ್ಲಿ ಮಾಡಿದರೆ ನಡೆಯುತ್ತದೆಯೇ? ಪ್ರಾಯೋಗಿಕ ಪಾಠ ಹೇಗೆ ಸಿಗುತ್ತದೆ?

ಕಾಲೇಜು ಗ್ರಂಥಪಾಲಕ, ಶಿವಮೊಗ್ಗ

ನಡೆಯುತ್ತದೆ. ಇಗ್ನೊದಲ್ಲಿ ಮೊದಲು ಒಂದು ವರ್ಷದ ಬಿ.ಲಿಬ್., ನಂತರ ಒಂದು ವರ್ಷದ ಎಂ.ಲಿಬ್. ಮಾಡಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಈ ವಿಷಯವಿದೆ. ಎಲ್ಲಿಯೇ ಸೇರಿದರೂ ಆ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ಎಂದು ಅವರ ಜಾಲತಾಣದಲ್ಲಿ ನೋಡಿದ ಮೇಲೆಯೇ ಶುಲ್ಕ ಕಟ್ಟಿ. ಬಿ.ಲಿಬ್. ಪ್ರತ್ಯೇಕವಾಗಿ ಕೈಯಲ್ಲಿರುವುದರಿಂದ ಒಂದು ಅನುಕೂಲವೂ ಇದೆ. ಕೇಂದ್ರೀಯ ವಿದ್ಯಾಲಯದಂಥ ಕಡೆ ಗ್ರಂಥಪಾಲಕ ಹುದ್ದೆಗೆ ಅದನ್ನೇ ಕೇಳುತ್ತಾರೆ. ಎರಡು ವರ್ಷದ ಸಂಯೋಜಿತ ಎಂ.ಲಿಬ್. ಮಾಡಿದವರು ಅಂಥ ಅಧಿಸೂಚನೆಯ ಅರ್ಹತೆಯ ಸಾಲನ್ನು ಎಚ್ಚರಿಕೆಯಿಂದ ಓದಿ, ಅಗತ್ಯವಿದ್ದರೆ ವಿಶ್ವವಿದ್ಯಾಲಯದಿಂದ ಪತ್ರ ಪಡೆದಿಟ್ಟುಕೊಳ್ಳಬೇಕು.

ಪಠ್ಯ ಸಾಮಗ್ರಿಗೆ ದುಡ್ಡು ಕೊಡಬೇಕಾಗಿಲ್ಲ. ಇಗ್ನೊದ ಇ-ಜ್ಞಾನಕೋಶದಲ್ಲಿ ಘಟಕಗಳೆಲ್ಲ ಉಚಿತವಾಗಿವೆ, ಇ-ಪಿಜಿ ಪಾಠಶಾಲಾದಲ್ಲಿಯೂ ಗ್ರಂಥಾಲಯ ವಿಜ್ಞಾನವಿದೆ. ಪ್ರಾಯೋಗಿಕಕ್ಕೆ ಸಂಪರ್ಕ ತರಗತಿಗಳನ್ನು ತಪ್ಪಿಸಬೇಡಿ. ಅದು ಸಾಲುವುದಿಲ್ಲ, ಆದ್ದರಿಂದ ನಿಮ್ಮೂರಿನ ಯಾವುದಾದರೂ ಕಾಲೇಜು ಗ್ರಂಥಪಾಲಕರನ್ನು ಕಂಡು, ರಜೆಯ ದಿನ ಬಂದು ಹೊಸ ಪುಸ್ತಕಗಳಿಗೆ ವರ್ಗಸಂಖ್ಯೆ ಕೊಡಲು ಬಿಡಿ ಎಂದು ಕೇಳಿ. ನಮಗೆ ಯಾವಾಗಲೂ ಕೈ ಸಾಲದು, ಬೇಡ ಎನ್ನುವವರು ಕಡಿಮೆ. ಹಳೆಯ ಕಂಪ್ಯೂಟರ್ ಒಂದಿದ್ದರೆ ಡೆಬಿಯನ್ ಲಿನಕ್ಸ್ ಹಾಕಿ ಅದರ ಮೇಲೆ ಕೋಹಾ ಸ್ಥಾಪಿಸಿ, ನಿಮ್ಮ ಅಂಗಡಿಯ ಕನ್ನಡ ಪುಸ್ತಕಗಳನ್ನೇ ಒಂದೊಂದಾಗಿ ನಮೂದಿಸುತ್ತಾ ಹೋಗಿ. ಪುಸ್ತಕ ನಿಮ್ಮ ಕೈಯಲ್ಲೇ ಇರುತ್ತದೆ, ಶೀರ್ಷಿಕೆಪುಟವೂ ಅದರ ಹಿಂಬದಿಯೂ ಕಣ್ಣೆದುರೇ ಇರುತ್ತವೆ. ಆ ಅನುಕೂಲ ತರಗತಿಯಲ್ಲಿ ಕುಳಿತವರಿಗೂ ಇರುವುದಿಲ್ಲ. ಸ್ಥಾಪಿಸುವಾಗ ಎಲ್ಲಿಯಾದರೂ ನಿಂತರೆ ಪರದೆಯ ಚಿತ್ರ ಇಲ್ಲಿಗೇ ಹಾಕಿ, ಸಂಜೆ ಆರರ ನಂತರ ನಾನು ನೋಡುತ್ತೇನೆ.